ಬಿಸಿನೆಸ್ ಪ್ಲ್ಯಾನ್‌ಗಿಂತ ಮೊದಲು ಗಿರಾಕಿ

ಪದವಿ ವಿದ್ಯಾರ್ಥಿಗಳೆಲ್ಲ ಬಿಸಿನೆಸ್ ಪ್ಲ್ಯಾನ್, ಅಂದರೆ ಉದ್ಯಮ ಶುರುಮಾಡುವ ಮೊದಲೇ ಅದರ ಪೂರ್ತಿ ಯೋಜನೆ, ಬರೆಯುವುದು ಕಡ್ಡಾಯವಾಗಲಿ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಬಿ.ಕಾಂ. ಪಾಠ ಮಾಡುವ ನನಗೆ ಇದು ಒಪ್ಪಿಗೆಯಿಲ್ಲ. ಉದ್ಯಮಶೀಲತೆಯ ಅಧ್ಯಯನ ಮಾಡುವ ಪ್ರೊಫೆಸರ್ ಸರಸ್ ಸರಸ್ವತಿ 27 ಮಂದಿ ಪಳಗಿದ ಉದ್ಯಮಿಗಳು ಹೇಗೆ ಯೋಚಿಸುತ್ತಾರೆಂದು ನೋಡಿ ಕಂಡುಕೊಂಡದ್ದೇ ಬೇರೆ. ಕೈಯಲ್ಲಿ ಏನಿದೆ, ಯಾರ ಪರಿಚಯವಿದೆ, ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು, ಅಲ್ಲಿಂದ ಅವರು ಹೊರಡುತ್ತಾರೆ. ನಮ್ಮ ಹಳ್ಳಿ ಮಕ್ಕಳಿಗೆ ಹೊಂದುವುದು ಈ ದಾರಿಯೇ.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ತಾಯಿ ಮಾಡಿದ ಶೇಂಗಾ ಚಟ್ನಿಪುಡಿಯನ್ನು ಹಾಸ್ಟೆಲ್‌ನಲ್ಲಿ ಮಾರಿದಳು. ಖಾರ ಜಾಸ್ತಿಯೆಂದು ಮೊದಲ ವಾರ ಅರ್ಧ ವಾಪಸ್ ಬಂತು. ಖಾರ ತಗ್ಗಿಸಿದಳು, ಪೊಟ್ಟಣ ಚಿಕ್ಕದು ಮಾಡಿದಳು. ಒಂದು ವಸ್ತು ತಯಾರಿಸಲು ತಗಲುವ ಅಸಲು ಖರ್ಚಿನ ಲೆಕ್ಕ ನಾನು ಬೋರ್ಡಿನ ಮೇಲೆ ಎರಡು ಸಲ ಕಲಿಸಿದ್ದೆ. ಅವಳಿಗೆ ಅದು ಅರ್ಥವಾಗಿದ್ದು ಹೀಗೆ ತಾನೇ ಮಾರಿದಾಗ. ಇಂಥದ್ದಕ್ಕೆ ಅಂಕ ಕೊಡಲು ಪಠ್ಯಕ್ರಮದಲ್ಲಿ ಜಾಗ ಮಾಡಿ, ದಯವಿಟ್ಟು.