ಟೋಕಿಯೋಗೆ ಯಾರಾದ್ರೂ ಒಂದು ಕಟ್ಟೆ ಕಟ್ಟಿಸಿಕೊಡ್ರಪ್ಪಾ

ಕಾಲು ಇನ್ನೂ ಪದ ಹೇಳ್ತಿದೆ, ಮಕ್ಳಿಬ್ರೂ ಊಟಾನೂ ಮಾಡ್ದೆ ಮಲಗಿಬಿಟ್ಟಿದಾರೆ, ಆಫೀಸ್ ಕೆಲ್ಸ ಅಂತ ಒಸಾಕಾಗೆ ಹೋಗಿರೋ ನಮ್ಮನೆಯವ್ರು "ಹೇಗಿತ್ತು ಸಂಡೇ" ಅಂತ ಒಂದು ಮೆಸೇಜ್ ಹಾಕಿದಾರೆ. ಅವ್ರಿಗೆ ಉತ್ರ ಕೊಟ್ರೆ ಜಗಳ ಆಗುತ್ತೆ ಅಂತ ಇಲ್ಲಿ ಬರೀತಿದೀನಿ.

ವಿಷ್ಯ ಇಷ್ಟೇ. ಈ ಟೋಕಿಯೋ ಅನ್ನೋ ಮಹಾನಗರದಲ್ಲಿ ದುಡ್ಡು ಬಿಚ್ಚದೆ ಕೂತ್ಕೊಳ್ಳೋಕೆ ಜಾಗ ಇಲ್ಲ. ಇದನ್ನೇ ಇನ್ನೂ ಹತ್ತು ಪ್ಯಾರಾ ಎಳೀತೀನಿ, ಪುರುಸೊತ್ತಿಲ್ದೋರು ಇಲ್ಲೇ ಲೈಕ್ ಒತ್ತಿ ಹೊರಡಬಹುದು.

ನಿಮ್ಗೆ ಗೊತ್ತು, ನಾವು ಟೋಕಿಯೋದ ನಿಶಿ ಕಸಾಯಿ ಏರಿಯಾಗೆ ಬಂದು ಏಳು ವರ್ಷ ಆಯ್ತು. ಜಪಾನ್ ಹೊಗಳಿ ನಾನೇ ಎಷ್ಟು ಪೋಸ್ಟ್ ಹಾಕಿಲ್ಲ, ಟ್ರೈನು ಸೆಕೆಂಡ್ ಲೆಕ್ಕಕ್ಕೆ ಬರುತ್ತೆ, ಕಳ್ದ ಪರ್ಸು ವಾಪಸ್ ಸಿಗುತ್ತೆ, ರಸ್ತೇಲಿ ಒಂದು ಕಡ್ಡಿ ಕಸ ಇಲ್ಲ ಅಂತೆಲ್ಲಾ. ಅವೆಲ್ಲಾ ನಿಜಾನೇ. ಆದ್ರೆ ಆಗಸ್ಟ್ ತಿಂಗಳಲ್ಲಿ ಎರಡು ಮಕ್ಳು, ಮೂರು ನೀರಿನ ಬಾಟ್ಲು, ಒಂದು ಛತ್ರಿ ಹಿಡ್ಕೊಂಡು ಮಟಮಟ ಮಧ್ಯಾಹ್ನ ಇಲ್ಲಿನ ದೇವಸ್ಥಾನದ ಏರಿಯಾ ಅಸಾಕುಸಾದಲ್ಲಿ ನಿಂತಾಗ ಆ ಪರ್ಸು ಯಾರಿಗೆ ಬೇಕು, ಒಂದು ಬೆಂಚು ಸಿಕ್ರೆ ಸಾಕಪ್ಪಾ ಅನ್ಸುತ್ತೆ.

ಹೋಗಿದ್ದಾದ್ರೂ ಯಾಕೆ ಅಂದ್ರೆ, ಮಗಂದು ಹೋಮ್‌ವರ್ಕು. ಇಲ್ಲಿ ಜುಲೈ 20ರ ಹೊತ್ತಿಗೆ ಬೇಸಿಗೆ ರಜೆ ಶುರು ಆದ್ರೆ ಆಗಸ್ಟ್ ಮುಗಿಯೋತನಕ, ಆದ್ರೆ ರಜೆ ಅನ್ನೋದು ಹೆಸರಿಗೆ ಮಾತ್ರ, ಚಿತ್ರ ಬರ್ದು ಡೈರಿ ತುಂಬ್ಸಬೇಕು, ಅದರ ಮೇಲೆ ತಾನೇ ಒಂದು ವಿಷ್ಯ ಹುಡುಕಿ "ಸಂಶೋಧನೆ" ಮಾಡ್ಬೇಕು. ಮೂರನೇ ಕ್ಲಾಸಿನ ಹುಡುಗ! ಇವ್ನು ಆರಿಸ್ಕೊಂಡಿದ್ದು ಗಿಂಝಾ ಲೈನು. 1927ರ ಡಿಸೆಂಬರ್ 30ಕ್ಕೆ ಅಸಾಕುಸಾದಿಂದ ಉಯೆನೋಗೆ ಬರೀ 2.2 ಕಿಲೋಮೀಟರ್ ಓಡಿದ್ದು, ಏಷ್ಯಾದಲ್ಲೇ ಮೊದಲ್ನೇ ಮೆಟ್ರೋ. ಈಗ ಶಿಬುಯಾತನಕ 19 ಸ್ಟೇಷನ್ನು, ಎಲ್ಲಾ ಸ್ಟೇಷನ್ನಲ್ಲೂ ಒಂದೊಂದು ರಬ್ಬರ್ ಸ್ಟ್ಯಾಂಪ್ ಇಟ್ಟಿರ್ತಾರೆ, ಅದನ್ನ ಪುಸ್ತಕದಲ್ಲಿ ಒತ್ತಿಸ್ಕೊಂಡು ಬರೋದು ಇವನ ಸಂಶೋಧನೆ. ಐಡಿಯಾ ಚೆನ್ನಾಗೇ ಇದೆ. ಜನವರೀಲಿ ಮಾಡಿದ್ರೆ.

ಬೆಳಿಗ್ಗೇನೇ ಮೊಬೈಲಿಗೆ ಬಿಸಿಲಿನ ಎಚ್ಚರಿಕೆ ಬಂದಿತ್ತು. ಬರೀ ಟೆಂಪರೇಚರ್ ನೋಡಿ ಕೊಡೋದಲ್ಲ ಇದು, ತೇವ, ಬಿಸಿಲಿನ ಝಳ ಎಲ್ಲಾ ಸೇರ್ಸಿ ಒಂದು ಸೂಚ್ಯಂಕ ಮಾಡಿದಾರೆ, ಅದು 33 ಮುಟ್ಟುತ್ತೆ ಅಂತ ಕಂಡ್ರೆ "ಹೊರಗೆ ಹೋಗ್ಬೇಡಿ" ಅಂತಾರೆ, 2021ರಿಂದ ಇಡೀ ದೇಶಕ್ಕೆ ಬಂದಿದೆ. ನಾನು ನೋಡ್ದೆ, ನೋಡಿ ಸ್ವೈಪ್ ಮಾಡಿ ತೆಗ್ದೆ. ತಿಪಟೂರಿನವ್ಳು ನಾನು, 36 ಡಿಗ್ರೀಗೆಲ್ಲಾ ಹೆದರ್ತೀನಾ ಅನ್ನೋ ಪೊಗರು. ಆದ್ರೆ ನಮ್ಮೂರ 36 ಬೇರೆ, ಹುಣಸೆಮರದ ನೆರಳಿಗೆ ಹೋಗಿ ನಿಂತ್ರೆ ಮುಗೀತು. ಇಲ್ಲಿಂದು ಮಂಗಳೂರಿನ ಮೇ ತಿಂಗಳನ್ನ ಕುಕ್ಕರಲ್ಲಿಟ್ಟು ಮೂರು ವಿಸಿಲ್ ಹೊಡೆಸಿದಂಗೆ. ನೆರಳಲ್ಲೂ ಬೆವರು ಕಿತ್ಕೊಂಡು ಬರುತ್ತೆ, ಮೇಲಿಂದ ಆ ಜೀರುಂಡೆಗಳು ಬೇರೆ ಕಿವಿ ತೂತು ಬೀಳೋ ಹಂಗೆ.

ಅಸಾಕುಸಾದ ಆ ದೊಡ್ಡ ಕೆಂಪು ದೀಪದ ಗೇಟು ಎಲ್ರೂ ಫೋಟೋದಲ್ಲಿ ನೋಡಿರ್ತೀರ. 700 ಕೆಜಿ ತೂಕದ್ದು ಆ ದೀಪ. ಅದನ್ನೂ ಗೇಟನ್ನೂ 1960ರಲ್ಲಿ ಕಟ್ಟಿಸಿಕೊಟ್ಟಿದ್ದು ಪ್ಯಾನಾಸೋನಿಕ್ ಕಂಪ್ನಿ ಶುರು ಮಾಡಿದ ಮತ್ಸುಶಿತಾ ಅವ್ರು, ಕಾಯಿಲೆ ವಾಸಿಯಾಯ್ತು ಅಂತ ಹರಕೆ ತೀರಿಸಿದಂಗೆ. ಪುಣ್ಯಾತ್ಮರು, ಜತೆಗೆ ಸಾಲಾಗಿ ಒಂದಿಪ್ಪತ್ತು ಕಲ್ಲುಬೆಂಚು ಹಾಕಿಸಬಾರದಿತ್ತಾ!

ಗೇಟಿಂದ ದೇವಸ್ಥಾನಕ್ಕೆ ಹೋಗೋ ಅಂಗಡಿ ಬೀದೀಲಿ ಮಗಳಿಗೆ ಕಾಕಿಗೋರಿ ಬೇಕೇಬೇಕಾಯ್ತು. ನಮ್ಮ ಐಸ್ ಗೋಲಾದ ಅಕ್ಕನೇ ಅಂದ್ಕೊಳ್ಳಿ, ಕಪ್ಪಲ್ಲಿ ಗುಡ್ಡೆ ಹಾಕಿ ನೀಲಿ ಸಿರಪ್ ಸುರೀತಾರೆ. ತಗೊಂಡಿದ್ದಾಯ್ತು. ಈಗ ಎಲ್ಲಿ ತಿನ್ನೋದು? ಈ ಬೀದೀಲಿ ನಡೀತಾ ತಿನ್ನಬೇಡಿ ಅಂತ ಬೋರ್ಡು. ಸರಿ, ಕೂತು ತಿನ್ನೋಣ ಅಂದ್ರೆ ಕೂರೋಕೆ ಜಾಗ ಇಲ್ಲ. ಅಂದ್ರೆ ನಡೀಬಾರ್ದು, ಕೂರಬಾರ್ದು, ಅಂಗಡಿ ಮುಂದೇನೇ ಗರುಡಗಂಬದ ಹಂಗೆ ನಿಂತು ತಿಂದು ಕಪ್ಪು ಅವ್ರಿಗೇ ವಾಪಸ್ ಕೊಡ್ಬೇಕು. ಐದು ವರ್ಷದ ಮಗು ಅದು, ಐಸ್ ಒಂದು ಚಮಚ ಬಾಯಿಗೆ ಹೋದ್ರೆ ಎರಡು ಚಮಚ ಮೊಣಕೈವರೆಗೆ ಇಳೀತಾ ಇತ್ತು, ನಾಲಿಗೆ, ಗಲ್ಲ, ಫ್ರಾಕು, ನನ್ನ ಬ್ಯಾಗು ಎಲ್ಲಾ ನೀಲಿ. ಹಿಂದೆ ಕ್ಯೂ ಬೇರೆ.

ಅಲ್ಲಿಂದ ಕೊನ್ಬಿನಿಗೆ, ಅಂದ್ರೆ ಇಲ್ಲಿನ ಚಿಕ್ಕ ದಿನಸಿ-ತಿಂಡಿ ಅಂಗಡಿಗೆ ನುಗ್ಗಿದ್ವಿ, ಎರಡು ಓನಿಗಿರಿ (ಅನ್ನದ ಉಂಡೆ) ತಗೊಂಡು ಒಳಗೇ ಕೂತು ತಿಂತೀವಿ ಅಂದೆ. ಇದು ಗೊತ್ತಾ ನಿಮ್ಗೆ? 2019ರ ಅಕ್ಟೋಬರಿಂದ ಇಲ್ಲಿ ತಿಂಡಿ ಪಾರ್ಸಲ್ ತಗೊಂಡ್ರೆ 8 ಪರ್ಸೆಂಟ್ ತೆರಿಗೆ, ಅಲ್ಲೇ ಕೂತು ತಿಂದ್ರೆ 10. ಅಂದ್ರೆ ನಮ್ಮ ಅಂಡಿಗೆ ಸರ್ಕಾರ 2 ಪರ್ಸೆಂಟ್ ತೆರಿಗೆ ಹಾಕಿದೆ. ಆಯ್ತಪ್ಪ ಅಂತ ಅದನ್ನೂ ಕೊಟ್ಟು ಒಳಗೆ ಹೋದ್ರೆ ಇರೋದೇ ಎರಡು ಸ್ಟೂಲು, ಒಂದ್ರಲ್ಲಿ ಒಬ್ಬ ಟೈ ಕಟ್ಕೊಂಡು ನಿದ್ದೆ ಹೊಡೀತಿದಾನೆ, ಇನ್ನೊಂದ್ರಲ್ಲಿ ಅವನ ಬ್ಯಾಗು ನಿದ್ದೆ ಹೊಡೀತಿದೆ.

ಆಮೇಲೆ ಆಗಿದ್ದೇ ಇವತ್ತಿನ ಕ್ಲೈಮ್ಯಾಕ್ಸು. ಯಾವ್ದೋ ಒಂದು ಆಫೀಸ್ ಬಿಲ್ಡಿಂಗ್, ಯಾವ್ದು ಅಂತ ಹೇಳಲ್ಲ. ಅದರ ಮುಂದೆ ಗಿಡ ನೆಟ್ಟು ಸುತ್ತ ಮೊಣಕಾಲೆತ್ತರಕ್ಕೆ ಗ್ರಾನೈಟ್ ಕಟ್ಟೆ ಕಟ್ಟಿದಾರೆ, ಮೇಲೆ ನೆರಳು, ಭಾನುವಾರ ಆದ್ದರಿಂದ ಒಂದು ನರಪಿಳ್ಳೆ ಇಲ್ಲ. ಕೂತ್ವಿ. ಅಬ್ಬಾ ಅನ್ನೋಷ್ಟರಲ್ಲಿ ಒಬ್ರು ಸೆಕ್ಯುರಿಟಿ ತಾತ ಬಂದ್ರು. ಬಿಳಿ ಗ್ಲೌಸು, ಬೆನ್ನ ಹತ್ರ ಎರಡು ಫ್ಯಾನ್ ಕೂರ್ಸಿರೋ ಜಾಕೆಟ್ಟು, ಅದು ಗಾಳಿ ತುಂಬ್ಕೊಂಡು ಬಲೂನ್ ಥರ ಊದಿದೆ, ಜುಂಯ್ ಅಂತ ಸದ್ದು. ಸೊಂಟ ಬಗ್ಸಿ ನಮಸ್ಕಾರ ಮಾಡಿ "ಮೋಶಿವಾಕೆ ಗೋಝಾಯ್ಮಸೆನ್", ದಯವಿಟ್ಟು ಕ್ಷಮಿಸಿ, ಇಲ್ಲಿ ಕೂರೋ ಹಾಗಿಲ್ಲ ಅಂದ್ರು. ನಾನೂ ಎದ್ದು ಬಗ್ಗಿ ಕ್ಷಮಿಸಿ ಅಂದೆ. ಅವ್ರು ಇನ್ನೂ ಬಗ್ಗಿದ್ರು. ನಾನೂ. ಇದು ಮೂರು ರೌಂಡ್ ನಡೀತು. ಮಗಳು "ಅಮ್ಮ, ಎಬ್ಬಿಸಿದ್ದು ಅವ್ರು, ನೀನ್ಯಾಕೆ ಸಾರಿ ಕೇಳ್ದೆ?" ಅಂತ. ಏನ್ ಹೇಳ್ಲಿ. ಬೈದು ಎಬ್ಬಿಸಿದ್ರೆ ಜಗಳಾನಾದ್ರೂ ಆಡ್ಬಹುದಿತ್ತು ಕಣ್ರೀ, ಇಷ್ಟು ಮರ್ಯಾದೆ ಕೊಟ್ಟು ಎಬ್ಬಿಸಿದ್ರೆ ಆ ಸಿಟ್ಟನ್ನ ಎಲ್ಲಿ ಇಡೋದು? (ಆಮೇಲೆ ಹೊಳೀತು, ನಮ್ಮಪ್ಪನ ವಯಸ್ಸಿನ ಆ ಮನುಷ್ಯಂಗೂ ಅಲ್ಲಿ ಒಂದು ಕುರ್ಚಿ ಹಾಕಿರ್ಲಿಲ್ಲ.)

ಈಗ ಕಾಮೆಂಟಲ್ಲಿ ಬರ್ತೀರ ಅಂತ ಗೊತ್ತು. "ಬೆಂಗ್ಳೂರಲ್ಲಿ ಫುಟ್‌ಪಾತೇ ಇಲ್ಲ, ಇವ್ಳಿಗೆ ಬೆಂಚು ಬೇಕಂತೆ." ಒಪ್ಪಿದೆ. ಆದ್ರೆ ಬೆಂಗ್ಳೂರಲ್ಲಿ ಮಗು ಎತ್ಕೊಂಡು ಬಿಸಿಲಲ್ಲಿ ನಿಂತಿದ್ರೆ ಎಳನೀರಿನವ್ನು ತಾನು ಕೂತಿರೋ ಸ್ಟೂಲೇ ಈ ಕಡೆ ತಳ್ತಾನೆ, ಬಾಗಿಲು ಹಾಕಿರೋ ಅಂಗಡಿ ಮೆಟ್ಲ ಮೇಲೆ ಕೂತ್ರೆ ಯಾರೂ ಕೇಳಲ್ಲ. ನಮ್ಮೂರ ಪಾರ್ಕಲ್ಲಿ, ಬಸ್‌ಸ್ಟ್ಯಾಂಡಲ್ಲಿ ಸಿಮೆಂಟ್ ಬೆಂಚಿನ ಬೆನ್ನಿಗೆ "ದಿವಂಗತ ಇಂಥವರ ಸ್ಮರಣಾರ್ಥ, ಮಕ್ಕಳು ಮೊಮ್ಮಕ್ಕಳು" ಅಂತ ಬರ್ಸಿರ್ತಾರಲ್ಲ, ಚಿಕ್ಕವ್ಳಿದ್ದಾಗ ಅದನ್ನ ಓದಿ ನಗ್ತಿದ್ದೆ. ಇವತ್ತು ಆ ದಿವಂಗತರಿಗೆಲ್ಲಾ ಮನಸ್ಸಲ್ಲೇ ಕೈ ಮುಗ್ದೆ. ಇಲ್ಲೂ ಹಿಬಿಯಾ ಪಾರ್ಕಲ್ಲಿ ಅಂಥ ನೆನಪಿನ ಬೆಂಚುಗಳಿವೆ, ಜನ ದುಡ್ಡು ಕೊಟ್ಟು ಒಂದೆರಡು ಸಾಲು ಬರ್ಸಿ ಹಾಕ್ಸಿರೋದು, ಎಷ್ಟು ಚೆಂದ. ಆದ್ರೆ ಕಾಲು ನೋಯೋದು ಅಸಾಕುಸಾದಲ್ಲಿ, ಬೆಂಚಿರೋದು ಹಿಬಿಯಾದಲ್ಲಿ.

ನಮ್ಮನೆಯವ್ರ ವಾದ ಇನ್ನೊಂದು, 1.4 ಕೋಟಿ ಜನ ಇರೋ ಊರಲ್ಲಿ ಬೆಂಚ್ ಹಾಕಿದ್ರೆ ನಡೆಯೋಕೆ ಜಾಗ ಎಲ್ಲಿ ಅಂತ. ಹೌದಾ ಸ್ವಾಮಿ? ಹತ್ತು ಹೆಜ್ಜೆಗೊಂದು ಬಟ್ಟೆ ಬೀರು ಗಾತ್ರದ ಜ್ಯೂಸ್ ಮಷಿನ್ ನಿಲ್ಸೋಕೆ ಜಾಗ ಇದೆಯಲ್ಲ? ಇನ್ನು ಅಲ್ಲಿಲ್ಲಿ ಇರೋ ಬೆಂಚಿಗೂ ಮಧ್ಯ ಮಧ್ಯ ಕಬ್ಬಿಣದ ಕಂಬಿ, ಮನೆ ಇಲ್ದೋರು ಯಾರೂ ಮಲಗಬಾರ್ದು ಅಂತ. ಅವರನ್ನ ಓಡ್ಸೋಕೆ ಹೋಗಿ ಬಸುರಿ, ಬಾಣಂತಿ, ಮುದುಕ್ರು, ನನ್ನಂಥ ಮಂಡೆಬಿಸಿಯವ್ಳು ಎಲ್ರನ್ನೂ ಓಡಿಸಿದಂಗಾಯ್ತು. ತಮಾಷೆ ಅಂದ್ರೆ ಇವ್ರ ಹಳೇ ಮನೆಗಳಲ್ಲಿ ಎಂಗಾವಾ ಅಂತ ಇರುತ್ತೆ, ಥೇಟ್ ನಮ್ಮ ಜಗಲೀನೇ. ಜಗಲಿ ಗೊತ್ತಿರೋ ಜನಕ್ಕೆ ಕೂರೋ ಸುಖ ಗೊತ್ತಿಲ್ಲ ಅಂತ ಹೇಳೋಕಾಗುತ್ತಾ?

ಒಂದು ಹೇಳ್ಬೇಕೋ ಬೇಡ್ವೋ ಅಂತಿದ್ದೆ, ಹೇಳ್ತೀನಿ. ದೇವಸ್ಥಾನದ ಆವರಣದಲ್ಲಿ ಮಗ "ಅಮ್ಮ, ತವರಾಮಾಚಿ ಸ್ಟ್ಯಾಂಪು" ಅಂದ, ಅಸಾಕುಸಾ ಆದ್ಮೇಲೆ ಬರೋ ಸ್ಟೇಷನ್ನು ಅದು. ಅಷ್ಟೇ ಅಂದಿದ್ದು. ನಾನು ಕಿರುಚಿಬಿಟ್ಟೆ. ಸ್ಟ್ಯಾಂಪಿಗೆ, ಸ್ಕೂಲಿಗೆ, ಅವರಪ್ಪಂಗೆ, ಜಪಾನಿಗೆ, ಎಲ್ರಿಗೂ ಸೇರ್ಸಿ ಆ ಎಂಟು ವರ್ಷದವನ ಮುಖಕ್ಕೆ. ಕನ್ನಡದಲ್ಲಿ ಬೈದ್ರೆ ಇಲ್ಲಿ ಯಾರಿಗೂ ಅರ್ಥ ಆಗಲ್ಲ ಅನ್ನೋ ಒಂದು ಧೈರ್ಯ ಇರುತ್ತಲ್ಲ. ಹಿಂದಿಂದ ಕೇಳಿಸ್ತು, "ಯಾಕ್ರೀ ಅಕ್ಕಾರ, ಬಿಡ್ರಿ, ಸಣ್ಣ ಹುಡುಗ್ರು, ಬಿಸಲಾಗ ಬಳಲ್ಯಾವ."

ಹುಬ್ಬಳ್ಳಿಯವ್ರು! ಟೂರಲ್ಲಿ ಬಂದಿರೋ ಗಂಡ ಹೆಂಡ್ತಿ, ಗುಂಪು ಶಾಪಿಂಗಿಗೆ ಹೋಗಿದೆ, ಇವರಿಬ್ರೂ ಮರದ ಕೆಳಗೆ ಬೆಡ್‌ಶೀಟ್ ಹಾಸಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಶೇಂಗಾ ಹೋಳಿಗೆ ತಿಂತಿದಾರೆ. ಬಂದು ಮೂರು ದಿನ ಆಗಿರೋರು. ನಾನು ಏಳು ವರ್ಷದವ್ಳು, ನಾಚ್ಕೆಯಿಂದ ಸುತ್ತ ನೋಡ್ತಿದೀನಿ, ಯಾರಾದ್ರೂ ನೋಡ್ತಾರಾ, ಯಾವ್ದಾದ್ರೂ ಬೋರ್ಡಿದೆಯಾ. ಆ ಅಮ್ಮ ಸೀರೆ ಸೆರಗಲ್ಲೇ ಮಗಳ ನೀಲಿ ಬಾಯಿ ಒರೆಸಿ, "ಕುಂದರ್ರಿ, ನೆಲಾ ಏನ್ ಕಡೀತೈತೇನ್ರಿ?" ಅಂದ್ರು. ಕೂತೆ. ಹತ್ತು ನಿಮಿಷ. ಯಾವ ತಾತಾನೂ ಬರ್ಲಿಲ್ಲ. ಮಗ ಎರಡು ಹೋಳಿಗೆ ತಿಂದ, ನನ್ನ ಜತೆ ಮಾತಾಡ್ಲಿಲ್ಲ.

ಉಯೆನೋಗೆ ಹೋಗಿ ಝೂ ತೋರ್ಸೋದು ಅಂತ ಪ್ಲಾನಿತ್ತು, 1882ರದ್ದು, ಈ ದೇಶದ ಹಳೇ ಝೂ. ಅಸಾಕುಸಾ ಮೊದಲ್ನೇ ಸ್ಟೇಷನ್ ಆದ್ದರಿಂದ ಗಾಡಿ ಖಾಲಿ ಇತ್ತು, ಏಸಿ, ಮೂರು ಸೀಟು ಒಟ್ಟಿಗೆ. ಉಯೆನೋ ಅಲ್ಲಿಂದ ಮೂರನೇ ಸ್ಟಾಪು. ಅಷ್ಟರಲ್ಲಿ ಇಬ್ರೂ ನನ್ನ ಎರಡೂ ಭುಜಕ್ಕೆ ಒಬ್ಬೊಬ್ರು ತಲೆ ಇಟ್ಟು ಗೊರಕೆ. ನಾನು ಇಳೀಲಿಲ್ಲ. ಆನೆ, ಹುಲಿ, ಪೆಂಗ್ವಿನ್ನು ಎಲ್ಲಾ ಇನ್ನೊಂದಿನ ನೋಡ್ಕೊಂಡ್ರಾಯ್ತು ಅಂತ ಶಿಬುಯಾತನಕ ಕೂತೇ ಹೋದೆ. ಇಡೀ ಟೋಕಿಯೋದಲ್ಲಿ ಅಷ್ಟು ಅಗ್ಗದ ಸೀಟು ಇನ್ನೊಂದಿಲ್ಲ. ಶಿಬುಯಾದಲ್ಲಿ ಗೇಟಿಂದ ಆಚೆ ಹೋಗಿ ಮಗನಿಗೆ ಸ್ಟ್ಯಾಂಪ್ ಒತ್ತಿಸ್ದೆ, ಸಾರಿ ಕಣೋ ಅಂದೆ, ಜಪಾನೀಸಲ್ಲಿ "ಪರ್ವಾಗಿಲ್ಲ" ಅಂದ, ಮತ್ತೆ ಟಿಕೆಟ್ ಕೊಟ್ಟು ಒಳಗೆ ಬಂದು ಇನ್ನೊಂದು ಗಾಡೀಲಿ ಕೂತ್ವಿ.

ಮುಂದಿನ ತಿಂಗ್ಳು ಅತ್ತೆ ಮಾವ ಬರ್ತಿದಾರೆ. ಮಾವಂಗೆ ಮಂಡಿನೋವು, ಬೆಡ್‌ಶೀಟ್ ಹಾಸಿ ಕೂರ್ಸೋಕಾಗಲ್ಲ, ಕೂತ್ರೆ ಏಳೋದು ಕಷ್ಟ. ಅದ್ಕೆ ಟೋಕಿಯೋದಲ್ಲಿರೋ ಫ್ರೆಂಡ್ಸು, ನಿಮ್ಗೆ ಗೊತ್ತಿರೋ ಬೆಂಚುಗಳ ಲೊಕೇಶನ್ ಕಾಮೆಂಟಲ್ಲಿ ಹಾಕಿ. ನೆರಳಿರ್ಬೇಕು. ಮಧ್ಯ ಕಂಬಿ ಇದ್ರೂ ಪರ್ವಾಗಿಲ್ಲ, ಮಾವ ಸಣ್ಣಕೇ ಇದಾರೆ.