ಬ್ಯಾಟರಿಗೆ ಬೈಯುವ ಮೊದಲು

ನಮ್ಮ ಕಡೆ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಆಮೇಲೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು, ಅಂದರೆ ಸೆಲ್ಫು. ಅದೂ ಮುಗಿದ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ. ಮೂರನ್ನೂ ಬಿಚ್ಚಿ ಕಟ್ಟಿ, ಜೇಬು ಖಾಲಿಯಾದ ಮೇಲೆ ಯಾರೋ ಒಬ್ಬರು ಗಾಡಿ ಅಡಿಗೆ ತೂರಿ, "ಎಂತ ಮಾರಾಯ, ಅರ್ಥ್ ಪಟ್ಟಿ ನೋಡಿದ್ದೀಯಾ?" ಎಂದು ಕೇಳುತ್ತಾರೆ. ನನಗೆ ಹಾಗೆ ಕೇಳುವವರೂ ಇರಲಿಲ್ಲ. 9,500 ರೂಪಾಯಿ ಹೋಯಿತು.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಎಂದು ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಳೆ ಅಡಿಕೆಗೆ ಕೊಳೆ ತರುತ್ತದೆ, ಗಾಡಿಯ ವೈರಿಗೆ ಕಿಲುಬು ತರುತ್ತದೆ. ಇನ್ನೂ ಒಂದು ತಮಾಷೆ ನೋಡಿ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ನೀರು) ಡ್ರಮ್ಮನ್ನು ನಮ್ಮ ಹಳೇ ಟಾಟಾ 407 ಲಾರಿಯಲ್ಲೇ ತೋಟದಿಂದ ತೋಟಕ್ಕೆ ಸಾಗಿಸುತ್ತಿದ್ದೆವು. ಮೈಲುತುತ್ತದ ನೀರು ತುಳುಕಿ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ ಇಳಿದರೆ ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಅಡಿಕೆ ಉಳಿಯಿತು, ಚಾಸಿ ಕೊಳೆಯಿತು.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಗೊಬ್ಬರ ತರಲು ಹೊರಟರೆ ಗಾಡಿ ಬರೀ 'ಟಕ್' ಎಂದಿತು. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿತ್ತು, ಹಾರನ್ನೂ ಜೋರಾಗಿತ್ತು. ಭಾವ ನೋಡಿದವನೇ "ಬ್ಯಾಟರಿ ಸತ್ತಿದೆ, ತೆಗೆದು ಬಿಸಾಕು" ಎಂದ. ಹೊಸದು ತಂದೆ. ಮತ್ತೆ ಟಕ್. ಸೆಲ್ಫ್ ಬಿಚ್ಚಿ ಪೇಟೆಗೆ ಕಳಿಸಿದೆ, ಬ್ರಷ್ಷು, ಬುಷ್ಷು ಎಲ್ಲ ಹೊಸದಾಗಿ ಬಂತು. ಕಟ್ಟಿದ ಮೇಲೆ ಎರಡು ದಿನ ಕೈಯಿಟ್ಟ ಕೂಡಲೇ ಸ್ಟಾರ್ಟು. ಮೂರನೇ ದಿನ ಮತ್ತೆ ಅದೇ ರಾಗ.

ಆವತ್ತು ನಮ್ಮ ಡ್ರೈವರ್ ಹುಡುಗ ಏಳೆಂಟು ಸಲ ಬಿಡದೆ ಕೀ ತಿರುಗಿಸಿದ. ಹಾಗೆ ಮಾಡಬಾರದು, ಆದರೆ ಮಾಡಿದ್ದೇ ಒಳ್ಳೆಯದಾಯಿತು. ಇಳಿಯುವಾಗ ಎಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ಲಿಗೆ ಕೈ ತಾಗಿ, "ಅಣ್ಣಾ, ಇದ್ಯಾಕೆ ಸುಡ್ತಾ ಇದೆ?" ಎಂದ. ಮುಟ್ಟಿ ನೋಡಿದೆ. ಒಲೆ ಮೇಲಿಟ್ಟ ಕಾವಲಿ ಹಾಗಿತ್ತು. ಸ್ಟಾರ್ಟೇ ಆಗದ ಗಾಡಿಯಲ್ಲಿ ಆ ಕೇಬಲ್ ಬಿಸಿಯಾಗುವುದು ಎಂದರೇನು?

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಸೆಲ್ಫ್ ತಿರುಗಿಸಿ ಮೈನಸ್ಸಿಗೆ ವಾಪಸ್ ಬರಲೇಬೇಕು. ಮೈನಸ್ ಕಟ್ಟಿರುವುದು ಚಾಸಿಗೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಜಡೆ ಹೆಣೆದಂಥ ಒಂದು ಪಟ್ಟಿ ಇರುತ್ತದೆ, ಅದೇ ಅರ್ಥ್ ಪಟ್ಟಿ. ಕರೆಂಟಿನ ಈ ವಾಪಸ್ ದಾರಿಗೇ ಅರ್ಥ್ ಎನ್ನುವುದು. ಆ ಪಟ್ಟಿ ಕೈಕೊಟ್ಟರೆ ಕರೆಂಟು ಸಿಕ್ಕಿದ ದಾರಿ ಹಿಡಿಯುತ್ತದೆ. ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಎಂಜಿನ್ ನಿಲ್ಲಿಸುವ ಆ ಸಣಕಲು ಕೇಬಲ್. ನೂರಾರು ಆಂಪಿಯರ್ ಹೊರಬೇಕಾದ ಕೆಲಸ ಅದರ ತಲೆ ಮೇಲೆ ಬಿತ್ತು. ಸುಡದೆ ಇನ್ನೇನಾಗುತ್ತದೆ?

ಅಡಿಗೆ ಮಲಗಿ ನೋಡಿದರೆ ಪಟ್ಟಿ ಇತ್ತು. ದೂರದಿಂದ ಗಟ್ಟಿಯಾಗೇ ಕಾಣುತ್ತಿತ್ತು. ಚಾಸಿಗೆ ಬೋಲ್ಟ್ ಮಾಡುವ ತುದಿಯ ಲಗ್ಗಿನ ಹತ್ತಿರ ಹಸಿರು ಪುಡಿ ಮೆತ್ತಿತ್ತು, ಬೆರಳಲ್ಲಿ ಒತ್ತಿದರೆ ಎಳೆಗಳು ಒಣಗಿದ ಪಾಚಿ ಹಾಗೆ ಉದುರಿದವು. ನಾಲ್ಕೈದು ಎಳೆ ಮಾತ್ರ ಜೀವ ಹಿಡಿದಿದ್ದವು. ಇನ್ನೊಂದು ತುದಿ ಸೆಲ್ಫಿನ ಬೋಲ್ಟಿನ ಪಕ್ಕದಲ್ಲೇ ಇತ್ತು. ಸೆಲ್ಫ್ ಬಿಚ್ಚಿ ಕಟ್ಟುವಾಗ ಪಟ್ಟಿ ಅಲುಗಾಡಿ ಸ್ವಲ್ಪ ಕಚ್ಚಿಕೊಂಡಿತ್ತು. ಆ ಎರಡು ದಿನದ ಪವಾಡ ಅಷ್ಟೇ. ಸೆಲ್ಫ್ ರಿಪೇರಿಗೆ ಕೊಟ್ಟ ದುಡ್ಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಹಾಗಾದರೆ ಲೈಟು, ಹಾರನ್ನು ಹೇಗೆ ಸರಿಯಿದ್ದವು? ಇಲ್ಲೇ ಎಲ್ಲರೂ ಬೀಳುವುದು. ಮೊದಲನೆಯದಾಗಿ ಅವುಗಳ ಅರ್ಥ್ ಕಟ್ಟಿರುವುದು ಗಾಡಿಯ ಮೈಗೆ, ಎಂಜಿನ್ನಿಗಲ್ಲ. ಎರಡನೆಯದು ಲೆಕ್ಕ. 200 ಆಂಪಿಯರ್ ಹರಿಯುವ ದಾರಿಯಲ್ಲಿ 0.01 ಓಮ್ ತಡೆ ಇದ್ದರೆ 2 ವೋಲ್ಟ್ ಅಲ್ಲೇ ಮಾಯ. ಅಷ್ಟೇ ತಡೆ ಒಂದು ಸಣ್ಣ ಬಲ್ಬಿನ ದಾರಿಯಲ್ಲಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಅಳೆದರೂ ಮಾಮೂಲಿ ಮೀಟರಿಗೆ 0.01 ಕಾಣುವುದಿಲ್ಲ. ಅದು ಸೊನ್ನೆ ತೋರಿಸುತ್ತದೆ, ನೀವು "ಸರಿ ಇದೆ" ಅಂದುಕೊಳ್ಳುತ್ತೀರಿ.

ಆದ್ದರಿಂದ ಅಳೆಯಬೇಕಾದ್ದು ಕೆಲಸ ಮಾಡುವಾಗ. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ತಲೆಯ ಮೇಲೆ, ಕ್ಲಾಂಪಿನ ಮೇಲಲ್ಲ. ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣದ ಮೇಲೆ. ಗೇರು ನ್ಯೂಟ್ರಲ್‌ನಲ್ಲಿರಲಿ, ಇನ್ನೊಬ್ಬರು ಕೀ ತಿರುಗಿಸಲಿ. ಅರ್ಧ ವೋಲ್ಟಿನ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ನನಗೆ ಬಂದದ್ದು 4.8. ಅದೇ ಹೊತ್ತಿಗೆ ಬ್ಯಾಟರಿ 12ರ ಹತ್ತಿರವೇ ನಿಂತಿತ್ತು. ಪಾಪ, ಅದಕ್ಕೆ ಕೆಲಸವೇ ಸಿಕ್ಕಿರಲಿಲ್ಲ. ಇದೇ ಪರೀಕ್ಷೆಯನ್ನು ಪ್ಲಸ್ ಕಡೆಗೂ ಮಾಡಬಹುದು, ಬ್ಯಾಟರಿ ಪ್ಲಸ್ಸಿನಿಂದ ಸೆಲ್ಫಿನ ದಪ್ಪ ಬೋಲ್ಟಿಗೆ. ಬ್ಯಾಟರಿ ನಿಜಕ್ಕೂ ಸೋತಿದ್ದರೆ ಅದೂ ಹೀಗೇ ಗೊತ್ತಾಗುತ್ತದೆ: ಸುಮ್ನೆ ಇದ್ದಾಗ 12.6 ಇರಬೇಕು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಇದ್ದರೆ ಡೈನಮೋ ಮೇಲೆ ಕೈ ಹಾಕಬೇಡಿ.

ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ನಿಲ್ಲಲಿಲ್ಲ, ಡೈನಮೋ ಸರಿ ಇದೆ" ಎನ್ನುವವರು ಇನ್ನೂ ಇದ್ದಾರೆ. ಹಳೇ ಡೀಸೆಲ್ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಅದಕ್ಕೆ ಕರೆಂಟೇ ಬೇಡ, ಹಾಗಾಗಿ ಅದು ನಿಲ್ಲದೇ ಇರುವುದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಹಳೇ ಗಾಡಿಯವರೆಲ್ಲ ಇಳಿಜಾರು ಹುಡುಕಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುವುದು ಇದೇ ಧೈರ್ಯದ ಮೇಲೆ ಅಲ್ವಾ? ಈಗಿನದು ಆಲ್ಟರ್ನೇಟರ್. ಬಾಯಲ್ಲಿ ಮಾತ್ರ ಡೈನಮೋ ಎನ್ನುತ್ತೇವೆ. ಟರ್ಮಿನಲ್ ಕಿತ್ತ ಕೂಡಲೇ ವೋಲ್ಟೇಜ್ ಒಮ್ಮೆಲೇ ಏರಿ ಒಳಗಿನ ಡಯೋಡು ಸುಟ್ಟುಹೋಗಬಹುದು. ಸರಿಯಿದ್ದದ್ದನ್ನು ಪರೀಕ್ಷೆ ಮಾಡಿಯೇ ಕೊಂದ ಹಾಗೆ.

ಮೀಟರಿಗಿಂತ ನನಗೆ ಇಷ್ಟ ಒಂದು ಬಲ್ಬು. ಹಳೇ ಬ್ರೇಕ್ ಲೈಟಿನ ಹೋಲ್ಡರ್, 21 ವ್ಯಾಟಿನ ಬಲ್ಬು, ಎರಡು ವೈರು. ಒಂದರ ತುದಿಗೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಳ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾದ ವೈರಿಗೂ ಮೀಟರ್ 12.6 ತೋರಿಸುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಬಲ್ಬು ಹತ್ತಿರ ಹತ್ತಿರ ಎರಡು ಆಂಪಿಯರ್ ಕೇಳುತ್ತದೆ. ದಾರಿ ಸರಿಯಿಲ್ಲದಿದ್ದರೆ ಮಂಕಾಗುತ್ತದೆ. ಒಂದು ಎಚ್ಚರಿಕೆ: ಕಂಪ್ಯೂಟರ್ ಇರುವ ಹೊಸ ಗಾಡಿಗಳಿಗೆ ಇದನ್ನು ಚುಚ್ಚಬೇಡಿ. ಇದು ಅಜ್ಜನ ಕಾಲದ ಗಾಡಿಗಳಿಗೆ ಮಾತ್ರ.

ಹಿಂದಿನ ಲೈಟಿನ ಭೂತವನ್ನು ಬಿಡಿಸಿದ್ದು ಒಂದು ತುಂಡು ವೈರು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟು ಕಣ್ಣು ಹೊಡೆಯುವುದು. ನೋಡಿದವರೆಲ್ಲ "ವೈರಿಂಗ್ ಪೂರಾ ಕಲಸಿದೆ, ಹೊಸದಾಗಿ ಎಳೀಬೇಕು" ಎಂದಿದ್ದರು. ಏನೂ ಕಲಸಿರಲಿಲ್ಲ. ಆ ಲೈಟಿನ ಮೂರೂ ಬಲ್ಬುಗಳಿಗೆ ಸೇರಿ ಅರ್ಥ್ ಒಂದೇ ಸ್ಕ್ರೂ. ಅದು ತುಕ್ಕು ಹಿಡಿದಾಗ ಬ್ರೇಕ್ ಬಲ್ಬಿನ ಕರೆಂಟು ಪಕ್ಕದ ಬಲ್ಬಿನೊಳಗೆ ಉಲ್ಟಾ ನುಗ್ಗಿ, ಅದರ ವೈರು ಹಿಡಿದು ಇನ್ನೆಲ್ಲೋ ಅರ್ಥ್ ಹುಡುಕುತ್ತದೆ. ಲೈಟಿನ ಬಾಡಿಯಿಂದ ಚಾಸಿಯ ಶುದ್ಧ ಜಾಗಕ್ಕೆ ಒಂದು ತುಂಡು ವೈರ್ ತಾಗಿಸಿ ನೋಡಿ. ಭೂತ ಬಿಟ್ಟರೆ ಆಯಿತು. ಸ್ಕ್ರೂ ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಪೂರ್ತಿ ವೈರಿಂಗಿನ ಖರ್ಚು ಉಳಿಯಿತು.

ಫ್ಯೂಸಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಜಾಸ್ತಿ. ಹಳೇ ಗಾಡಿಗಳಲ್ಲಿ ಪಿಂಗಾಣಿಯ ಉದ್ದನೆ ಫ್ಯೂಸು: ಬಿಳಿಯದು 8 ಆಂಪಿಯರ್, ಕೆಂಪು 16. ಸುಟ್ಟ ಬಿಳಿ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಸಿಕ್ಕಿಸಿದ್ದನ್ನು ಎಷ್ಟು ಗಾಡಿಯಲ್ಲಿ ನೋಡಿಲ್ಲ! ಫ್ಯೂಸ್ ಇರುವುದು ವೈರ್ ಕಾಯಲು. ಬೇಗಡೆ ಹಾಕಿದ ಮೇಲೆ ಮುಂದಿನ ಫ್ಯೂಸು ನಿಮ್ಮ ಡ್ಯಾಶ್‌ಬೋರ್ಡಿನ ಹಿಂದಿನ ವೈರೇ. ಪದೇ ಪದೇ ಫ್ಯೂಸ್ ಹೋಗುತ್ತಿದ್ದರೆ ಅದರ ಜಾಗದಲ್ಲಿ ಆ ಟೆಸ್ಟ್ ಬಲ್ಬನ್ನು ಕೂರಿಸಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಏನೂ ಸುಡುವುದಿಲ್ಲ. ಈಗ ವೈರು ಜೋಡಿಸುವ ಒಂದೊಂದೇ ಕಪ್ಲರ್ ಬಿಚ್ಚುತ್ತಾ, ವೈರಿನ ಕಟ್ಟನ್ನು ಅಲ್ಲಾಡಿಸುತ್ತಾ ಹೋಗಿ. ಎಲ್ಲಿ ಮುಟ್ಟಿದಾಗ ಬಲ್ಬು ಆರುತ್ತದೋ ಕಳ್ಳ ಅಲ್ಲೇ. ನಮ್ಮಲ್ಲಿ ಸಿಕ್ಕಿದ್ದು ಕ್ಯಾಬಿನ್ ತಳದ ತೂತು. ರಬ್ಬರ್ ಬುಷ್ ಉದುರಿಹೋಗಿ ತಗಡಿನ ಅಂಚು ವೈರನ್ನು ಕೊಯ್ದಿತ್ತು. ಇಲಿ ಕಡಿದದ್ದೂ ಬೇರೆ. ಮಳೆಗಾಲದಲ್ಲಿ ಇಲಿಗಳಿಗೂ ಬೆಚ್ಚಗಿನ ಜಾಗ ಬೇಕಲ್ಲ.

ಇದನ್ನೆಲ್ಲ ಮೇಸ್ತ್ರಿಗಳ ಹೊಟ್ಟೆ ಮೇಲೆ ಹೊಡೆಯಲು ಬರೆಯುತ್ತಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಶಬ್ದ ಕೇಳಿಯೇ ಸೆಲ್ಫಿನ ಬುಷ್ ಸವೆದಿದೆ ಎನ್ನುವವರಿದ್ದಾರೆ. ಅವರ ಕೈಗೆ ಮುಗಿಯಬೇಕು. ಆದರೆ ಅಲ್ಲಿಗೆ ಗಾಡಿ ಮುಟ್ಟಬೇಕಲ್ಲ? ಗಾಡಿ ಬಿಟ್ಟು ಬರೀ ಸೆಲ್ಫ್ ಒಯ್ದು ಕೊಟ್ಟರೆ ಅವರಾದರೂ ಏನು ಮಾಡುತ್ತಾರೆ, ಸೆಲ್ಫನ್ನೇ ರಿಪೇರಿ ಮಾಡುತ್ತಾರೆ. ತಪ್ಪು ನನ್ನದು.

ಇನ್ನು ಮನೆ ಹಿಂದಿನ ಶೆಡ್ಡು. ಕೊಟ್ಟಿಗೆಯ ಅರ್ಧ ಭಾಗ ಈಗ ನನ್ನ ವರ್ಕ್‌ಶಾಪು: ಒಂದು ಗ್ರೈಂಡರ್, ಡ್ರಿಲ್ಲು, ಸಣ್ಣ ವೆಲ್ಡಿಂಗ್ ಮಿಷನ್ನು. ಇಲ್ಲಿ ನನ್ನ ಧೈರ್ಯ ಅರ್ಧಕ್ಕಿಳಿಯುತ್ತದೆ. ಗಾಡಿಯ 12 ವೋಲ್ಟ್ ತಪ್ಪು ಮಾಡಿದರೆ ವೈರು ಸುಡುತ್ತದೆ. 230 ವೋಲ್ಟ್ ಹಾಗಲ್ಲ. ಮೋಟಾರು ಗುಂಯ್ ಎಂದು ತಿರುಗದೆ ನಿಂತರೆ ಹೆಚ್ಚಿನ ಸಲ ಕೆಪಾಸಿಟರ್ ಹೋಗಿರುತ್ತದೆ. ಪ್ಲಗ್ ಕಿತ್ತು, ಕೆಪಾಸಿಟರಿನ ಎರಡು ತುದಿಗೆ ಹಳೇ 60 ವ್ಯಾಟ್ ಬಲ್ಬಿನ ವೈರ್ ತಾಗಿಸಿ ಖಾಲಿ ಮಾಡಿ, ಅದೇ ಮೈಕ್ರೋಫ್ಯಾರಡ್ ಬರೆದಿರುವ ಹೊಸದು ಹಾಕಿ. ಪಂಪಿನ ಸ್ಟಾರ್ಟರ್ ಡಬ್ಬಿ ಎಳೆಯದಿದ್ದರೆ ಮೇನ್ ಇಳಿಸಿ ಮುಚ್ಚಳ ತೆಗೆದು ನೋಡಿ. ಹಲ್ಲಿಯೋ ಇರುವೆಯೋ ಕಾಂಟ್ಯಾಕ್ಟಿನ ಮಧ್ಯೆ ಸತ್ತಿರುತ್ತದೆ. ನನ್ನ ಧೈರ್ಯ ಇಷ್ಟಕ್ಕೇ. ಮೇನ್ ಬೋರ್ಡು, ಮೀಟರ್, ಕಂಬದ ವೈರು, ಇವಕ್ಕೆ ಲೈಸೆನ್ಸ್ ಇರುವವರನ್ನೇ ಕರೆಯುತ್ತೇನೆ.

ಟೆಸ್ಟರ್ ನಂಬುವವರಿಗೆ ಒಂದು ಮಾತು. ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿದರೆ "ಎರಡು ಫೇಸ್ ಬಂದಿದೆ" ಎನ್ನುತ್ತಾರೆ. ಬಹಳ ಸಲ ಅದು ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ವೈರು ತುಂಡಾಗಿರುವುದು. ಎಲ್ಲೋ ಆನ್ ಇರುವ ಬಲ್ಬಿನ ಮೂಲಕ ಫೇಸು ಸುತ್ತಿ ಬಂದು ನ್ಯೂಟ್ರಲ್ ತೂತಿನಲ್ಲೂ ಕೂತಿರುತ್ತದೆ. ನ್ಯೂಟ್ರಲ್ ಅಂತ ಮುಟ್ಟಿದರೆ ಕಥೆ ಮುಗಿಯಿತು. ಅರ್ಥಿಂಗ್ ಗುಂಡಿಯೂ ಹಾಗೇ, ಒಮ್ಮೆ ತೋಡಿ ಮರೆತುಬಿಡುತ್ತೇವೆ. ನಮ್ಮ ಜಂಬಿಟ್ಟಿಗೆ ನೆಲ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಇದ್ದಿಲು, ಉಪ್ಪು ಎಲ್ಲ ಒಣಗಿ ಕೂತಿರುತ್ತವೆ. ಬಾಳೆಗಿಡಕ್ಕೆ ಹಾಕುವಾಗ ಅದಕ್ಕೂ ಎರಡು ಕೊಡ ನೀರು ಹಾಕಿ. ಶೆಡ್ಡಿನ ಲೈನಿಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಅದು ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ ಎಂದು ತೆಗೆಸಿದವರಿದ್ದಾರೆ. ನಾಯಿ ಬೊಗಳುತ್ತದೆ ಎಂದು ನಾಯಿಯನ್ನೇ ಓಡಿಸಿದ ಹಾಗಾಯಿತು. ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಡವೇ?

ನಿಜಕ್ಕೂ ಜಗಳ ಮಾಡಬೇಕಿರುವುದು ಜನರೇಟರ್ ವಿಷಯಕ್ಕೆ. ಮರ ಬಿದ್ದು ಮೂರು ದಿನ ಕರೆಂಟಿಲ್ಲ ಎಂದಾಗ ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ, ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟು ಇಡೀ ಮನೆ ಬೆಳಗುವವರಿದ್ದಾರೆ. ಮೇನ್ ಇಳಿಸುವುದು ಮರೆತರೆ ಆ 230 ವೋಲ್ಟ್ ಕಂಬಕ್ಕೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಕೊಟ್ಟರೆ ಏರಿಸುತ್ತದೆ, ಅದಕ್ಕೆ ಹಿಂದೆ ಮುಂದೆ ಗೊತ್ತಿಲ್ಲ. ಆ ಕಡೆ ಸುರಿಯುವ ಮಳೆಯಲ್ಲಿ ಲೈನ್‌ಮನ್ ಒಬ್ಬರು "ಲೈನ್ ಆಫ್ ಇದೆ" ಎಂದುಕೊಂಡು ವೈರ್ ಹಿಡಿದಿರುತ್ತಾರೆ. ನಮ್ಮ ಪಕ್ಕದ ಮನೆಯವರಿಗೆ ಇದನ್ನು ಹೇಳಿದ್ದಕ್ಕೆ "ನಿಮಗೆ ಎಲ್ಲದಕ್ಕೂ ಹೆದರಿಕೆ ಗೌಡ್ರೇ" ಎಂದರು. ಒಂದು ವಾರ ಮಾತು ಬಿಟ್ಟಿದ್ದೆವು. ಆಮೇಲೆ ಅವರೇ, ಕಂಬದ ಲೈನು, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿದರು. ನನಗೆ ಹೇಳಲಿಲ್ಲ, ಹಾಕಿದ ಹುಡುಗ ಹೇಳಿದ.

ಬ್ಯಾಟರಿ ಬಿಚ್ಚುವವರು ಮೊದಲು ಮೈನಸ್ ಬಿಚ್ಚಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಮೈಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಉಂಗುರ, ವಾಚು ತೆಗೆದಿಡಿ. ಬೀಡಿ ಆಮೇಲೆ ಸೇದಿದರಾಯಿತು.

ಹಳೇ ಬ್ಯಾಟರಿ ಈಗ ಶೆಡ್ಡಿನಲ್ಲಿದೆ, ಕರೆಂಟು ಹೋದಾಗ ಅದೇ ಲೈಟು ಉರಿಸುತ್ತದೆ. ಅದಕ್ಕೆ ಏನೂ ಆಗಿರಲೇ ಇಲ್ಲ. ಅರ್ಥ್ ಪಟ್ಟಿ ಸರಿ ಮಾಡಿದ ಮೇಲೆ ಗಾಡಿ ಕೈಯಿಟ್ಟ ಕೂಡಲೇ ಸ್ಟಾರ್ಟ್ ಆಗುತ್ತದೆ, ಆದರೂ ಡ್ರೈವರ್ ಹುಡುಗ ಇಳಿಜಾರಿನಲ್ಲೇ ನಿಲ್ಲಿಸುತ್ತಾನೆ. ಮೂರು ದಿನದಿಂದ ಬಲಗಡೆ ಇಂಡಿಕೇಟರ್ ಅವಸರವಸರವಾಗಿ ಮಿಟುಕುತ್ತಿದೆ, ಹಿಂದಿನ ಬಲ್ಬು ಹೋಗಿರಬೇಕು ಅಥವಾ ಮತ್ತೆ ಅದೇ ಸ್ಕ್ರೂ. ಭಾನುವಾರ ಮಳೆ ಹೊಳವಾದರೆ ನೋಡಬೇಕು.