ಗರುಗಕ್ಕೊಂದು ಕುಂಡ

ಬಾಚಣಿಗೆಯಲ್ಲಿ ಸಿಗುವ ಕೂದಲು ತಲೆಯಲ್ಲಿ ಉಳಿದಿರುವುದಕ್ಕಿಂತ ಜಾಸ್ತಿ ಅನ್ನಿಸತೊಡಗಿದ ದಿನ ಅಮ್ಮನಿಗೆ ಫೋನ್ ಮಾಡಿದೆ. "ಗರುಗದ ಎಣ್ಣೆ ಕಾಯಿಸಿ ಹಚ್ಕೊಳ್ಳೇ" ಅಂದಳು.

ಗರುಗ ಅಂದರೆ ಅದೇ, ಅಂಗಡಿಯ ಎಣ್ಣೆ ಬಾಟಲಿ ಮೇಲೆ ಭೃಂಗರಾಜ ಅಂತ ಹೆಸರಿಟ್ಟುಕೊಂಡು ಗತ್ತಿನಿಂದ ಕೂತಿರುತ್ತದಲ್ಲ, ಅದು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಅದಕ್ಕೆ ಯಾವ ರಾಜಮರ್ಯಾದೆಯೂ ಇಲ್ಲ. ಗದ್ದೆ ಅಂಚಲ್ಲಿ, ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಬಿದ್ದುಕೊಂಡಿರುತ್ತದೆ. ಸೂರ್ಯಕಾಂತಿ, ಸೇವಂತಿಗೆಯ ನೆಂಟನೇ, ಆದರೆ ಬಿಳಿ ಹೂವು ಅಂಗಿ ಗುಂಡಿಗಿಂತ ದೊಡ್ಡದಿಲ್ಲ.

ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅದನ್ನು ಬೆಳೆಸುತ್ತೇನೆ ಅಂದಾಗ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಕಳೆಗೆ ಕುಂಡ ಯಾಕೆ ಮಾರಾಯ್ತಿ?"

ಆದರೂ ಬೀಜ ಕಳಿಸಿದಳು. ಎಳ್ಳಿಗಿಂತ ಚಿಕ್ಕದು. ನಾನು ಎರೆಗೊಬ್ಬರ, ಕೋಕೋಪೀಟ್ ಎಲ್ಲ ಕಲೆಸಿ, ಅವರೆಕಾಳು ಊರುವ ಹಾಗೆ ಒಂದಿಂಚು ಆಳಕ್ಕೆ ಊರಿದೆ. ಇಪ್ಪತ್ತು ದಿನ ಮಣ್ಣಿನ ಮುಖವನ್ನೇ ನೋಡಿದ್ದು ಬಂತು. ಇದರ ಬೀಜಕ್ಕೆ ಬೆಳಕು ಬಿದ್ದರೇ ಮೊಳಕೆಯಂತೆ, ಮೇಲೆ ಸುಮ್ನೆ ಉದುರಿಸಿ ಒದ್ದೆಯಾಗಿಟ್ಟರೆ ಸಾಕಂತೆ. ಮೊದಲೇ ಹೇಳಬಾರದಾ ಅಂದರೆ, "ಯಾರು ಬಿತ್ತಿದ್ದಾರೆ ಅದನ್ನ, ಹೇಳೋಕೆ?" ಅಂದಳು. ಅದೂ ನಿಜ.

ಎರಡನೇ ಸಲ ಉದುರಿಸಿದೆ. ಕುಂಡದಲ್ಲಿ ಎರಡು ಜಾತಿಯ ಸಸಿ ಬಂದವು. ಉದ್ದ ಎಲೆಯದು ಕಳೆ ಇರಬೇಕು ಅಂತ ಕಿತ್ತೆಸೆದು, ಹಲ್ಲು ಹಲ್ಲು ಎಲೆಯದನ್ನು ಮಗುವಿನಂತೆ ಸಾಕಿದೆ. ಉದ್ದ ಕಡ್ಡಿಯ ತುದಿಯಲ್ಲಿ ಹಳದಿ ನಡುವಿನ ಹೂವೂ ಬಿಟ್ಟಿತು. ವಿಡಿಯೋ ಕಾಲ್‌ನಲ್ಲಿ ಹೆಮ್ಮೆಯಿಂದ ತೋರಿಸಿದರೆ ಅಮ್ಮ ನಗುತ್ತಾ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಅದು ಗಾಯಕ್ಕೆ ಅರೆದು ಹಚ್ಚುವ ಸೊಪ್ಪಂತೆ. ಮಧ್ಯ ಅಮೆರಿಕದಿಂದ ಬಂದು ನಮ್ಮ ರಸ್ತೆ ಬದಿಗಳನ್ನೆಲ್ಲ ಹಿಡಿದಿರುವ ಟ್ರೈಡ್ಯಾಕ್ಸ್! ನಾನು ಕಿತ್ತೆಸೆದದ್ದೇ ಗರುಗ. "ಎಲೆ ಕಿವುಚಿ ನೋಡು, ಕೈ ಕಪ್ಪಾದ್ರೆ ಗರುಗ. ಇಷ್ಟು ಗೊತ್ತಿಲ್ವಾ?"

ದಸರೆಗೆ ಊರಿಗೆ ಹೋದವಳು ಗದ್ದೆ ಅಂಚಿನಿಂದಲೇ ನಾಲ್ಕು ಕಡ್ಡಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಮಣ್ಣು ತಾಗಿದ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿತು. ಕುಂಡದ ಅಡಿಗೆ ನೀರಿನ ತಟ್ಟೆ ಇಟ್ಟಿದ್ದೇ ತಡ, ಪಕ್ಕದ ತುಳಸಿಗೂ ಜಾಗ ಬಿಡದ ಹಾಗೆ ಹಬ್ಬಿತು.

ಒಂದು ಭಾನುವಾರ ಸೊಪ್ಪು ಕಿವುಚಿದೆ. ಮೊದಲು ಕೈ ಹಸಿರಾಯಿತು. ಹಾಲು ಉಕ್ಕಿತೇ ಅಂತ ನೋಡಿ ಬರುವಷ್ಟರಲ್ಲಿ ಉಗುರಿನ ಸಂದಿಯಿಂದ ಅಂಗೈ ಗೆರೆಯವರೆಗೂ ಕಾಡಿಗೆ ಬಳಿದ ಹಾಗಿತ್ತು. ಕಾಡಿಗ್ಗರುಗ ಅಂತಲೂ ಇದರ ಹೆಸರು, ಸುಮ್ನೆ ಇಟ್ಟಿಲ್ಲ. ಸೋಪು, ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು, ಯಾವುದಕ್ಕೂ ಜಗ್ಗಲಿಲ್ಲ. ಸೋಮವಾರ ಆಫೀಸಿನಲ್ಲಿ ಒಬ್ಬರು "ಎಲೆಕ್ಷನ್ ಯಾವಾಗ ಆಯ್ತು ಮೇಡಂ? ಅದೂ ಹತ್ತು ಬೆರಳಿಗೆ?" ಅಂದರು. 1962ರ ಚುನಾವಣೆಯಿಂದ ಆ ಶಾಯಿ ಮಾಡುತ್ತಿರುವ ಮೈಸೂರಿನ ಕಾರ್ಖಾನೆಗೆ ಒಂದು ಕುಂಡ ಕಳಿಸಿಬಿಡೋಣ ಅನ್ನಿಸಿತು.

ಎಣ್ಣೆ ಮಾತ್ರ ಚೆನ್ನಾಗಿ ಬಂತು. ರಸ, ತೆಂಗಿನೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೂ ಕಾಯಿಸಿದ್ದೆ. ಖಾಲಿ ಬಾಟಲಿ ಇರಲಿಲ್ಲ, ಚಟ್ನಿಯ ಸ್ಟೀಲ್ ಡಬ್ಬಿಗೆ ಸುರಿದು ಒಲೆ ಪಕ್ಕ ಇಟ್ಟೆ. ಡಿಸೆಂಬರ್ ಚಳಿ, ಬೆಳಗಾಗುವಷ್ಟರಲ್ಲಿ ಎಣ್ಣೆ ಹಸಿರು ಮುದ್ದೆಯಾಗಿ ಹೆಪ್ಪುಗಟ್ಟಿತ್ತು.

ನಾನು ಸ್ನಾನ ಮುಗಿಸಿ ಬಂದಾಗ ನಮ್ಮನೆಯವರು ಎರಡನೇ ದೋಸೆಯಲ್ಲಿದ್ದರು.

"ಕೊತ್ತಂಬರಿ ಚಟ್ನಿಗೆ ಉಪ್ಪು ಹಾಕೋದು ಮರೆತಿದ್ದೀಯ" ಅಂದರು. "ಬೆಣ್ಣೆ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?"